ಕ್ಯಾಂಟೀನಕ್ಕ ಊರು ಬಿಟ್ಟದ್ದು

ಫೋರ್‌ಮನ್ನನ ಹೆಂಡತಿ ಮನೆಯ ಗೇಟು ಹಿಡಿದುಕೊಂಡು ಅಳುತ್ತಿದ್ದರೆ, ಲಾರಿಯವನು ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅವರ ಫ್ರಿಜ್ಜನ್ನು ಬಿಗಿಯುತ್ತಿದ್ದ. ಅಳು ಅವನಿಗೆ ಹೊಸದಲ್ಲ. ಪಿಂಗಾಣಿ ಕಾರ್ಖಾನೆ ಮುಚ್ಚಿದಂದಿನಿಂದ ಊರಲ್ಲಿ ಕೈತುಂಬ ಕೆಲಸವಿದ್ದದ್ದು ಅವನೊಬ್ಬನಿಗೇ. ಒಂದು ಮನೆ ಖಾಲಿಯಾದರೆ ಅವನ ಮನೆಯ ಒಲೆ ಉರಿಯುತ್ತಿತ್ತು. ಹಾಗಂತ ಹೋಗುವವರ ಮೇಲೆ ಅವನಿಗೆ ಮಮತೆಯೇನೂ ಇರಲಿಲ್ಲ. ಕಾಲು ಮುರಿದ ಮಂಚ ಬಿಡಲ್ಲ, ಹುಟ್ಟಿದ ಊರು ಬಿಡ್ತಾರೆ ಎಂದು ತನ್ನ ಹೆಂಡತಿಯ ಮುಂದೆ ಆಡಿಕೊಳ್ಳುತ್ತಿದ್ದ. ಹೊರಡುವಾಗ ಎಲ್ಲರದೂ ಒಂದೇ ಮಾತು: ಇದೇನು ಶಾಶ್ವತ ಅಲ್ಲ, ಕಾರ್ಖಾನೆ ತೆರೆದ ದಿನವೇ ಓಡಿ ಬರುತ್ತೇವೆ. ಹಾಗೆ ಹೇಳುವಾಗಲೂ ಕಣ್ಣು ಮಾತ್ರ ಟಿ.ವಿ.ಯ ಮೇಲೆ, ಎಲ್ಲಿ ಗೀರು ಬಿದ್ದೀತೋ ಎಂದು.

ಕಣ್ಣೊರೆಸಿಕೊಂಡು ಫೋರ್‌ಮನ್ ಎದುರಿನ ಕ್ಯಾಂಟೀನಿನಲ್ಲಿ ಹೇಳಿ ಬರುತ್ತೇನೆಂದು ಹೊರಟ. ಅವನು ರಸ್ತೆ ದಾಟುವಷ್ಟರಲ್ಲಿ ಕ್ಯಾಂಟೀನಿನ ಕಿಟಕಿ ಧಡ್ಡನೆ ಮುಚ್ಚಿಕೊಂಡಿತು. ಬಾಗಿಲು ತಟ್ಟಿದರೆ ಒಳಗಿನಿಂದ ಉತ್ತರ ಬಂತು: "ಅಂಗಡಿ ಮುಚ್ಚಿದೆ." ಒಲೆಯ ಚಿಮಣಿಯಲ್ಲಿ ಹೊಗೆ ಆಡುತ್ತಲೇ ಇತ್ತು. ಲಾರಿಯವನು ಮೀಸೆಯಡಿಯಲ್ಲಿ ನಕ್ಕ. ಒಳಗಿದ್ದವಳು ಅವನ ಅಕ್ಕ.

ಊರಿಗೆಲ್ಲ ಅವಳು ಕ್ಯಾಂಟೀನಕ್ಕ. ಗಂಡ ಕಣ್ಮುಚ್ಚಿದ ಮೇಲೆ ಕಾರ್ಖಾನೆಯ ಗೇಟಿನೆದುರು ಒಲೆ ಹೂಡಿ, ಎಲ್ಲ ಪಾಳಿಯವರಿಗೂ ಬಡಿಸಿ, ತಮ್ಮನನ್ನು ಸಾಕಿ, ಅವನಿಗೊಂದು ಲಾರಿ ಕೊಡಿಸಿದವಳು. ಊರಿನ ಬಗ್ಗೆ ಅವಳಿಗಿದ್ದಷ್ಟು ಜಂಬ ಇನ್ನಾರಿಗೂ ಇರಲಿಲ್ಲ. ಇಲ್ಲಿ ತಯಾರಾಗುತ್ತಿದ್ದದ್ದು ಬೇಸಿನ್ನು, ಕಮೋಡು. ಅರ್ಧ ದೇಶ ಬೆಳಗಾಗೆದ್ದು ನಮ್ಮೂರ ಮೇಲೇ ಕೂರೋದು, ಎದ್ದು ಹೋಗುವಾಗ ಒಂದು ಸಲ ನೆನೆಸೋದು ಬೇಡವೇ ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು. ಬಿಟ್ಟು ಹೋಗುವವರು ಅವಳ ಪಾಲಿಗೆ ಹೇಡಿಗಳು. ಹೋದವರ ಹೆಸರನ್ನು ಮತ್ತೆ ಎತ್ತುತ್ತಿರಲಿಲ್ಲ.

ಊರು ಉಳಿಸುವ ಸಮಿತಿ ಸೇರುತ್ತಿದ್ದದ್ದೂ ಅವಳ ಬೆಂಚುಗಳ ಮೇಲೆಯೇ. ನಿವೃತ್ತ ಗುಮಾಸ್ತನೊಬ್ಬ ಅದರ ಅಧ್ಯಕ್ಷ. ಹಳೆಯ ವೈಭವದಿಂದ ಶುರುಮಾಡಿದರೆ ಇವತ್ತಿಗೆ ಬಂದು ಮುಟ್ಟುವಷ್ಟರಲ್ಲಿ ಎಲ್ಲರ ಟೀ ಮುಗಿದಿರುತ್ತಿತ್ತು. ಸಮಿತಿಯ ಹೋರಾಟದ ಫಲವಾಗಿ ಸರ್ಕಾರ ಒಂದು ತರಬೇತಿ ಕೇಂದ್ರ ಕೊಟ್ಟಿತು. ಪಿಂಗಾಣಿ ಸುಡುವ ಭಟ್ಟಿಯ ಬಾಯಲ್ಲಿ ಬದುಕು ಸವೆಸಿದ ಗಂಡಸರನ್ನು ಸಾಲಾಗಿ ಕೂರಿಸಿ ಮೇಣದ ಬತ್ತಿ ಮಾಡುವುದನ್ನು ಕಲಿಸಿದರು. ಆ ಬತ್ತಿಗಳು ನೆಟ್ಟಗೆ ನಿಲ್ಲುತ್ತಲೂ ಇರಲಿಲ್ಲ.

ಲಾರಿಯವನ ಹೆಂಡತಿ ಕಾರ್ಖಾನೆಯಲ್ಲಿ ಬೇಸಿನ್ನುಗಳಿಗೆ ಹೊಳಪು ಬಳಿಯುವ ಕೆಲಸದಲ್ಲಿದ್ದವಳು. ನಾವೂ ಹೋದರೆ ಹೇಗೆ ಎಂದು ಅವಳು ಒಮ್ಮೆ ಕೇಳಿದ್ದಳು. ಅವನು ಬಿದ್ದು ಬಿದ್ದು ನಕ್ಕಿದ್ದ. ಎಲ್ಲರ ಸಾಮಾನು ಹೊರುವವನ ಸಾಮಾನು ಯಾರು ಹೊರುತ್ತಾರೆ, ಬೇಕಿದ್ದರೆ ಈ ಮಾತನ್ನು ಅಕ್ಕನ ಮುಂದೆ ಆಡು ಎಂದಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಗೆದ್ದೆನೆಂದು ಅವನು ತಿಳಿದುಕೊಂಡ.

ಹಾಗಿರುವಾಗ ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿ ಲಾರಿ ತಾ ಎಂದಳು. ಹಳೆಯ ಬೆಂಚು ಮಾರುತ್ತಿದ್ದಾಳೆಂದುಕೊಂಡು ಹೋದರೆ, ಕ್ಯಾಂಟೀನಿನಲ್ಲಿ ಒಲೆ ಬಿಚ್ಚಿಟ್ಟಿತ್ತು. ದೊಡ್ಡ ಪಾತ್ರೆಯೊಳಗೆ ಸಣ್ಣ ಪಾತ್ರೆ ಕೂತು ಗೋಣಿಯಲ್ಲಿ ಸುತ್ತಿಕೊಂಡಿತ್ತು. ಗೋಡೆಯಲ್ಲಿದ್ದ ಮೊಳೆಗಳನ್ನೂ ಕಿತ್ತು ಡಬ್ಬಿಗೆ ಹಾಕಿದ್ದಳು.

"ಏನಕ್ಕಾ ಇದು?"

"ಕಾಣಿಸಲ್ವಾ? ಹಗ್ಗ ತಂದಿದ್ದೀಯಾ ಇಲ್ವಾ?"

ಸಂಗತಿ ತುಂಡುತುಂಡಾಗಿ ಹೊರಬಂತು. ಊರಿನ ಅರ್ಧ ಜನ ಸೇರಿಕೊಂಡಿದ್ದ ಪಟ್ಟಣದ ಟೈರು ಕಾರ್ಖಾನೆಯ ಹಿಂದೆ ಒಂದು ಮಳಿಗೆ ಖಾಲಿಯಾಗಿತ್ತು. ಅದನ್ನು ಹುಡುಕಿಕೊಟ್ಟವನು ಫೋರ್‌ಮನ್. ಯಾರ ಮುಖಕ್ಕೆ ಕಿಟಕಿ ಬಡಿದಿದ್ದಳೋ ಅವನೇ.

"ಹೋದೋರನ್ನ ಹೇಡಿಗಳು ಅಂತಿದ್ದೆ," ಎಂದ ಲಾರಿಯವನು.

"ಅಂತಿದ್ದೆ. ಆಗ ಹೋದೋರು ಹೇಡಿಗಳೇ. ಈಗ ಉಳಿದಿರೋರು ದಡ್ಡರು. ಕುಡಿದ ಲೋಟ ಎತ್ತಿಡೋಕೂ ಬರದ ಸಮಿತಿಗೆ ನಾನ್ಯಾಕೆ ನೀರು ಕಾಯಿಸ್ತಾ ಕೂರ್ಲಿ?"

"ನನಗೊಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ನೀನು ನಗ್ತಿದ್ದೆ," ಎಂದಳು ಅಕ್ಕ, ಗೋಣಿಯ ಬಾಯಿ ಹೊಲಿಯುತ್ತ. "ನಗೋದು ನಿನಗೆ ಕಲಿಸಿದ್ದೇ ನಾನಲ್ವಾ, ಗೊತ್ತು."

ಸುದ್ದಿ ಕೇಳಿ ಸಮಿತಿಯ ಅಧ್ಯಕ್ಷ ಓಡಿ ಬಂದ. ಹೋಗಬೇಡಿ ಎನ್ನಲಿಲ್ಲ. ಸಭೆಗೆ ಅನುಕೂಲವಾಗುತ್ತದೆ, ಬೆಂಚುಗಳನ್ನಾದರೂ ಬಿಟ್ಟು ಹೋಗಿ ಎಂದ. ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, ಅಲುಗಾಡುವ ಒಂದು ಬೆಂಚನ್ನು ಇಳಿಸಿ ಕೊಟ್ಟಳು. ಅವನು ಅಲ್ಲೇ ಕೂತು ಲಾರಿ ಹೊರಡುವುದನ್ನು ನೋಡಿದ.

ಹೋದವರೆಲ್ಲ ಸೊರಗಿ, ತಲೆ ತಗ್ಗಿಸಿಕೊಂಡು ಎದುರಾಗುತ್ತಾರೆ ಎಂದು ದಾರಿಯುದ್ದಕ್ಕೂ ಲಾರಿಯವನು ಒಳಗೊಳಗೇ ಎಣಿಸುತ್ತಿದ್ದ. ಮಳಿಗೆಯ ಮುಂದೆ ಲಾರಿ ನಿಂತಿದ್ದೇ ತಡ, ಅವನೇ ಹೊತ್ತು ತಂದು ಇಳಿಸಿದ್ದ ಜನ ಅಂಗಿಯ ತೋಳು ಮಡಚಿಕೊಂಡು ಬಂದರು. ಅಕ್ಕಾ ಅಕ್ಕಾ ಎನ್ನುತ್ತ ಪಾತ್ರೆ ಇಳಿಸಿದರು. ಕಿಟಕಿ ಬಡಿದದ್ದನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆಗಲೇ ಒಬ್ಬನಿಗೆ ಒಲೆ ಹೀಗಲ್ಲ ಹಾಗಿಡು ಎಂದು ಗದರುತ್ತಿದ್ದಳು. ಊರಿನ ವಿಷಯವನ್ನು ಒಬ್ಬರೂ ಕೇಳಲಿಲ್ಲ.

ಫೋರ್‌ಮನ್ ಕಾವಲುಗಾರನ ಸಮವಸ್ತ್ರದಲ್ಲಿದ್ದ. ಲಾರಿಯವನಿಗೆ ಅಷ್ಟೇ ಸಾಕಾಯಿತು.

"ಭಟ್ಟಿ ಆಳಿದೋರು ಇಲ್ಲಿ ಬಂದು ಗೇಟು ಕಾಯ್ತಿದ್ದೀರಾ?"

"ಕಾಯ್ತಿದ್ದೀನಪ್ಪ," ಎಂದ ಫೋರ್‌ಮನ್ ಸಾವಧಾನವಾಗಿ. "ಈ ಗೇಟು ದಿನಾ ತೆಗೆಯುತ್ತೆ."

ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ಫೋರ್‌ಮನ್ನನ ಹೆಂಡತಿ, ನಿಮ್ಮ ಮನೆಯವರು ಹೇಳಿದ್ದ ಬಾಡಿಗೆ ಮನೆ ನೋಡಿಟ್ಟಿದ್ದೇನೆ, ನೀರಿಗೆ ತೊಂದರೆಯಿಲ್ಲ, ಈಗಲೇ ಒಮ್ಮೆ ನೋಡಿಕೊಂಡು ಹೋಗಿ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಹೆಂಡತಿ ಸುಮ್ಮನೆ ವಿಚಾರಿಸಿರುತ್ತಾಳೆ ಎಂದು ನಗಲು ನೋಡಿದ.

"ನನ್ನನ್ನೂ ಕೇಳಿದ್ಳು," ಎಂದಳು ಅಕ್ಕ, ಒಲೆಯಿಂದ ತಲೆಯೆತ್ತದೆ. "ಮೊದಲು ಅವನ ಹತ್ರ ಮಾತಾಡು ಅಂದೆ."

"ಮಾತಾಡ್ಲಿಲ್ಲ. ನನ್ನ ಕಂಡ್ರೆ ಅಷ್ಟು ಭಯ ಅಂತೇನು?"

"ಭಯ ಅಲ್ವಂತೆ ಕಣೋ. ಬೇಜಾರಂತೆ."

ಆ ರಾತ್ರಿ ಅಕ್ಕ ಅವನನ್ನು ಹೊರಡಲು ಬಿಡಲಿಲ್ಲ. ಹೊಸ ಒಲೆಯ ಮೊದಲ ಊಟವನ್ನು ಎಲ್ಲರ ಜೊತೆ ಕೂತು ತಿಂದ. ಆ ಬಾಡಿಗೆ ಮನೆ ಎಲ್ಲಿದೆಯೆಂದು ಕೇಳಲಿಲ್ಲ. ಕೈ ತೊಳೆಯಲು ಹೊರಗೆ ಬಂದಾಗ ಮಾತ್ರ ಓಣಿಯ ಬಾಗಿಲುಗಳನ್ನು ಒಂದೊಂದಾಗಿ ನೋಡಿದ.

ಮರುದಿನ ಬಿಸಿಲೇರಿದ ಮೇಲೆ ಊರು ಸೇರಿದ. ತನ್ನ ಬೀದಿಗೆ ತಿರುಗಿದವನು ಬ್ರೇಕು ಒತ್ತಬೇಕಾಯಿತು. ಅವನ ಮನೆಯ ಕಿಟಕಿಯಿಂದ ಎದುರಿನ ಖಾಲಿ ಮನೆಯ ಕಿಟಕಿಗೆ, ಬೀದಿಗೆ ಅಡ್ಡಲಾಗಿ, ಹೆಂಡತಿ ತಂತಿ ಬಿಗಿದಿದ್ದಳು. ಮನೆಯ ಪರದೆಗಳೆಲ್ಲ, ಹೊದಿಕೆಗಳೆಲ್ಲ, ಅಪರೂಪಕ್ಕೆ ಉಡುವ ಬಟ್ಟೆಗಳೂ ಒಗೆಸಿಕೊಂಡು ಸಾಲಾಗಿ ನೇತಾಡುತ್ತಿದ್ದವು. ಆ ಬೀದಿಯಲ್ಲಿ ಗಾಡಿಗೆ ಅಡ್ಡವಾದೀತೆಂದು ಹೆದರುವ ಕಾಲ ಹೋಗಿ ಎಷ್ಟೋ ದಿನವಾಗಿತ್ತು.

ಅವನು ಹಾರ್ನಿನ ಮೇಲೆ ಕೈಯಿಟ್ಟ. ಪರದೆಯಿಲ್ಲದ ಕಿಟಕಿಯೊಳಗೆ ಹೆಂಡತಿ ಗೋಣಿಚೀಲ ಹಿಡಿದು ಆ ಕೋಣೆಯಿಂದ ಈ ಕೋಣೆಗೆ ಓಡಾಡುವುದು ಕಾಣುತ್ತಿತ್ತು. ಕೈ ತೆಗೆದು ಎಂಜಿನ್ ಆರಿಸಿದ. ಗಾಳಿ ಇರಲಿಲ್ಲ. ಹೊದಿಕೆಗಳ ಅಂಚಿನಿಂದ ನೀರು ಬೀದಿಯ ಧೂಳಿನ ಮೇಲೆ ತೊಟ್ಟಿಕ್ಕುತ್ತಿತ್ತು.