ಕ್ಯಾಲೆಂಡರಿನ ಹಿಂಬದಿ

“ಇವಂಗ ಪಿಸ್ತೂಲ್ ಯಾವಾಗ ಕೊಡತಾರಲೇ?” ಲಗಮಪ್ಪ ಚಹಾದ ಬಸಿ ಕೆಳಗಿಟ್ಟು ಪುಸ್ತಕದ ಮೇಲೆ ಬಗ್ಗಿದ.

“ಕೊಡೂದಿಲ್ಲ. ಖರೆ ಗೂಢಚಾರಗ ಪಿಸ್ತೂಲ್ ಯಾಕ ಬೇಕು? ಅಂವ ನೋಡತಾನ, ಬರೀತಾನ, ಮನಿಗಿ ಹೋಗತಾನ,” ಎಂದ ದಶರಥ, ಆ ನೌಕರಿ ತಾನೇ ಕೊಡಿಸಿದವನ ಹಾಗೆ.

ಬನಹಟ್ಟಿಯ ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕದ ಮಗ್ಗ ನಡೆಸುವ ಇಬ್ಬರಿಗೂ ನಲವತ್ತು ದಾಟಿತ್ತು. ಆದರೂ ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡಿನ ಅಂಗಡಿಗೆ ಬರುವ ಆ ಚಿತ್ರಕಥೆಗೆ ಮಕ್ಕಳಿಗಿಂತ ಹೆಚ್ಚು ಹಪಹಪಿಸುತ್ತಿದ್ದರು. ಅದರ ನಾಯಕ ವಾಸುದೇವ ಗೋಡೆ ಹಾರುವವನಲ್ಲ, ಯಾರನ್ನೂ ಹೊಡೆಯುವವನಲ್ಲ. ಪರವೂರಿನಲ್ಲಿ ಗುಮಾಸ್ತನಾಗಿ ಕೂತು, ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋದರೆಂದು ಚೀಟಿ ಬರೆಯುತ್ತಿದ್ದ. ಒಮ್ಮೆಯಂತೂ ನೆಗಡಿಯಾಗಿ ನಾಲ್ಕು ಪುಟ ಬರೀ ಸೀನಿದ್ದ. ದಶರಥನಿಗೆ ಅದೇ ಇಷ್ಟ. ಇಂಥ ಕೆಲಸ ತನ್ನಿಂದಲೂ ಆದೀತು ಅನಿಸುತ್ತಿತ್ತು.

ಮಾಡಿಯೇ ಬಿಟ್ಟ ಪುಣ್ಯಾತ್ಮ. ಹಳೆ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬಿಳಿ ಹಿಂಬದಿಗೆ ಗೆಳೆಯನ ಓಡಾಟ ಬರೆಯತೊಡಗಿದ. ಬರೇ ಚೇಷ್ಟೆಗೆ. ಕೊನೆಗೆ ಲಗಮಪ್ಪನಿಗೇ ಓದಿ ಹೇಳಿ, ಅವನ ಮುಖ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗಬೇಕೆಂದಿದ್ದ. ‘ಲಗಮಪ್ಪ, ಮಂಗಳವಾರ, ಹತ್ತಕ್ಕೆ ಮಗ್ಗ ಬಿಟ್ಟ. ಮಾಲಕರಿಗೆ ಹೇಳಿದ್ದು: ಮಾವನ ಮನೆಯಲ್ಲಿ ಕೆಲಸ.’ ಮುಂದಿನ ಮಂಗಳವಾರ ತಾನೂ ಹೊಟ್ಟೆನೋವೆಂದು ಸುಳ್ಳು ಹೇಳಿ ಬೆನ್ನು ಹತ್ತಿದ. ಜಮಖಂಡಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮುಖಕ್ಕೆ ಪೇಪರ್ ಹಿಡಿದು ಕೂತ. ಎಂಥ ಖುಷಿ! ಲಗಮಪ್ಪ ಹೋಗಿ ನಿಂತದ್ದು ಸರಕಾರಿ ದವಾಖಾನೆಯಲ್ಲಿ, ಕ್ಷಯದ ಗುಳಿಗೆ ಕೊಡುವ ಸಾಲಿನಲ್ಲಿ.

ದಶರಥ ಅದನ್ನೂ ಬರೆದ, ಕೈ ತಡೆಯಲಿಲ್ಲ. ಬರೆದ ಮೇಲೆ ಹೆದರಿ ಹಾಳೆಯನ್ನು ಟ್ರಂಕಿನ ಹಿಂದೆ ತುರುಕಿದ. ಶೆಡ್ಡಿನಲ್ಲಿ ಲಾಳಿಯ ತೂತಿನಿಂದ ನೂಲನ್ನು ಬಾಯಿಯಿಂದಲೇ ಸೆಳೆಯುತ್ತಿದ್ದರು. ಪಾಳಿ ಬದಲಾದರೆ ಒಬ್ಬನ ಲಾಳಿಗೆ ಇನ್ನೊಬ್ಬನ ಬಾಯಿ. ಲಗಮಪ್ಪ ಮಾತ್ರ ಎರಡು ತಿಂಗಳಿಂದ ತಂತಿಯ ಕೊಕ್ಕೆಯಿಂದ ಸೆಳೆಯುತ್ತಿದ್ದ. ಯಾಕೆಂದು ಈಗ ತಿಳಿಯಿತು. ಕ್ಷಯವೆಂದು ಗೊತ್ತಾದರೆ ಅವನಿಗೆ ಊರಿನ ಯಾವ ಮಗ್ಗವೂ ಸಿಗುವುದಿಲ್ಲ. ಮನೆಯಲ್ಲಿ ಮೂರು ಹೆಣ್ಣುಮಕ್ಕಳು. ದಶರಥ ಬಾಯಿ ಬಿಡಬಾರದೆಂದು ಆಣೆ ಹಾಕಿಕೊಂಡ. ಬಿಡಲೂ ಇಲ್ಲ.

ಆದರೆ ಬೀಮಿಗೆ, ಅಂದರೆ ಮಗ್ಗದ ಹಾಸಿನ ಉರುಳೆಗೆ, ನೂಲು ಸುತ್ತುವಾಗ ಎಳೆಗಳು ಒಂದರೊಳಗೊಂದು ಇಳಿಯದಂತೆ ಪದರದ ನಡುವೆ ದಪ್ಪ ಕಾಗದ ಇಡುವುದು ರೂಢಿ. ಅದಕ್ಕೆ ನೇಕಾರರ ಮನೆಗಳಿಂದ ರದ್ದಿ ತರಿಸುತ್ತಾರೆ. ದಶರಥನ ಹೆಂಡತಿ ತಾರವ್ವ ಮನೆ ಸ್ವಚ್ಛ ಮಾಡುವಾಗ ಟ್ರಂಕಿನ ಹಿಂದೆ ಸಿಕ್ಕ ಕ್ಯಾಲೆಂಡರ್ ಹಾಳೆಗಳನ್ನು, ಛಲೋ ದಪ್ಪ ಇವೆಯೆಂದು ಶೆಡ್ಡಿಗೆ ಕಳಿಸಿಬಿಟ್ಟಳು. ಹದಿನೈದು ದಿನಕ್ಕೆ ಅದೇ ಶೆಡ್ಡಿನ ನೇಕಾರ ಹುಲೆಪ್ಪನ ಮಗ್ಗದ ಬೀಮು ಬಿಚ್ಚಿಕೊಳ್ಳುತ್ತ ಹೋದಂತೆ ಆ ಹಾಳೆ ಹೊರಬಿತ್ತು. ಹುಲೆಪ್ಪ ದಶರಥನ ಅಕ್ಷರ ಗುರುತಿಸಿ ಅದನ್ನು ಜೋರಾಗಿ ಓದಿದ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಎಲ್ಲ ಮಗ್ಗಗಳೂ ನಿಂತಿದ್ದವು. ಮಾಲಕ ಮಹಾಲಿಂಗಪ್ಪ ಬೈಯಲಿಲ್ಲ. “ನಾಳಿಂದ ಬರಬ್ಯಾಡಪಾ ಲಗಮಪ್ಪಾ,” ಎಂದಷ್ಟೇ ಹೇಳಿದ.

ಮರುದಿನ ಮುಂಜಾನೆ ಲಗಮಪ್ಪ ದಶರಥನ ಮನೆಗೆ ಬಂದ. ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತ.

“ಬಸ್ಸಿನ್ಯಾಗ ನನ್ನ ಹಿಂದ ನೀ ಇದ್ದೇನು?”

“ಹೂಂ.”

“ನನಗ ಗೊತ್ತ ಆಗಲಿಲ್ಲ ನೋಡು. ಭಾಳ ಛಲೋ ಮಾಡಿದಿ.” ಅದರಲ್ಲಿ ಕೊಂಕು ಇರಲಿಲ್ಲ, ಪುಸ್ತಕ ಓದಿ ಮೆಚ್ಚುವಾಗಿನ ಅದೇ ದನಿ. ದಶರಥನಿಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು.

“ಯಾರಿಗೂ ಹೇಳಿದ್ದಿಲ್ಲೋ ಲಗಮಾ, ನಮ್ಮವ್ವನ ಆಣಿ.”

“ಗೊತ್ತೈತಿ ಬಿಡು.”

ತಾರವ್ವ ತಂಬಿಗೆ, ಲೋಟ ತಂದಳು. “ಲೋಟಾ ಬ್ಯಾಡವ್ವಾ,” ಎಂದು ಲಗಮಪ್ಪ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಜೋಡಿಸಿ ಬೊಗಸೆಯನ್ನು ಬಾಯಿಗೆ ಹಿಡಿದ. ತಾರವ್ವ ಅಲ್ಲಾಡದೆ ನಿಂತಳು. ದಶರಥ ಅವಳ ಕೈಯಿಂದ ತಂಬಿಗೆ ಕಸಿದುಕೊಂಡು, ಗೆಳೆಯನ ಬೊಗಸೆಗೆ ತಾಗದಂತೆ ಒಂದು ಗೇಣು ಮೇಲೆ ಹಿಡಿದು ನೀರು ಸುರಿದ. ಲಗಮಪ್ಪ ಒಮ್ಮೆ ಕಣ್ಣೆತ್ತಿ ಆ ಗೇಣನ್ನು ನೋಡಿದ. ಮತ್ತೆ ಬಗ್ಗಿ ಕುಡಿಯತೊಡಗಿದ.