ಗುಬ್ಬಿಯ ಹೆಸರಲ್ಲಿ ಆಡಿದವರು ಯಾರು?

ಹೊಸ ವಿಡಿಯೊ ಗೇಮ್ ಬರುತ್ತದೆ ಎಂದರೆ ಯಾವ ಮನೆಯಲ್ಲಿ ಗಲಾಟೆ ಇರುವುದಿಲ್ಲ? ಆದರೆ ಟೈಲರಕ್ಕನ ಮನೆಯಲ್ಲಿ ಗಲಾಟೆ ಎಬ್ಬಿಸಿದ್ದು ಮಗಳಲ್ಲ, ಗಂಡ ಡ್ರೈವರಣ್ಣ. ದಿನವಿಡೀ ಬಸ್ಸು ಓಡಿಸಿ ಬಂದವನು ಮುಖ ತೊಳೆಯುವ ಮೊದಲೇ ಶುರು ಹಚ್ಚಿಕೊಳ್ಳುತ್ತಿದ್ದ.

"ನಾಳೆ ಅಂಗಡಿಗೆ ಬರುತ್ತೆ ಕಣೇ. ಕೈಯಲ್ಲಿ ಹಿಡ್ಕೊಂಡೇ ಆಡೋದು. ಬಂದ ದಿನವೇ ತಗೊಂಡ್ರೆ ಅದರ ಮಜಾನೇ ಬೇರೆ!"

"ಇರೋದು ಚೆನ್ನಾಗೇ ಇದೆಯಲ್ಲರೀ?" ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಕೇಳಿದಳು ಟೈಲರಕ್ಕ.

"ಇರೋದೆಲ್ಲಿ? ಅದನ್ನ ಮೊನ್ನೆನೇ ಕೊಟ್ಟಾಯ್ತು. ಹಳೇದು ಕೊಟ್ರೆ ಹೊಸದಕ್ಕೆ ಬೆಲೆ ಕಡಿಮೆ ಮಾಡ್ತೀವಿ ಅಂದ್ರು. ಬುಕ್ ಮಾಡಿ ಬಂದೆ."

ಅವಳಿಗೆ ಕಸಿವಿಸಿಯಾಯಿತು. ಆ ಹಳೆಯ ಗೇಮಿನಲ್ಲಿ ಅಪ್ಪ, ಮಗಳು ಜೋಡಿಯಾಗಿ ಆಡುತ್ತಿದ್ದರು. ಅಪ್ಪ ಡ್ಯೂಟಿಯಲ್ಲಿದ್ದಾಗ ಮಗಳು ಅದರಿಂದಲೇ ಅವನ ಮೊಬೈಲಿಗೆ ಮೆಸೇಜು ಕಳಿಸುತ್ತಿದ್ದಳು. ಅದರ ಕ್ಯಾಮೆರಾದಲ್ಲಿ ಮನೆಯ ಮೂಲೆ ಮೂಲೆಯ ವಿಡಿಯೊ ತೆಗೆದಿಟ್ಟಿದ್ದಳು. ಆದರೂ ಕೊಟ್ಟಿದ್ದು ಕೊಟ್ಟಾಯಿತಲ್ಲ ಎಂದು ಟೈಲರಕ್ಕ ಸುಮ್ಮನಾದಳು. ಮಗಳು ಗುಬ್ಬಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಹೊಸ ಫ್ರಾಕಿನ ಅಂಚಿಗೆ ಪಿನ್ ಹಾಕತೊಡಗಿದಳು.

ಆಗ ಗಂಡನ ಮೊಬೈಲು ಟಿಣ್ ಎಂದಿತು. ಅವನು ನೋಡಿ ಹುಬ್ಬು ಗಂಟಿಕ್ಕಿದ.

"ಇದೇನಿದು? 'ಗುಬ್ಬಿ ಈಗ ಆಡುತ್ತಿದ್ದಾಳೆ' ಅಂತ ಬಂದಿದೆ."

"ನಾನು ಇಲ್ಲೇ ಇದೀನಲ್ಲಪ್ಪಾ," ಎಂದಳು ಗುಬ್ಬಿ ಸ್ಟೂಲಿನ ಮೇಲಿಂದ.

"ನೆಟ್‌ವರ್ಕ್ ಏನೋ ಎಡವಟ್ಟು ಮಾಡ್ಕೊಂಡಿದೆ," ಎಂದು ಅವನು ನಕ್ಕ. ಮೊಬೈಲು ಮತ್ತೆ ಟಿಣ್ ಎಂದಿತು. ಈ ಸಲ ಮೆಸೇಜು.

'ಅಪ್ಪಾ, ಬಾ ಆಡೋಣ.'

ಅವನ ನಗು ಅಲ್ಲಿಗೇ ನಿಂತಿತು. ಮೂವರೂ ಪರದೆಯನ್ನೇ ನೋಡುತ್ತ ನಿಂತರು. ಅವರು ನೋಡುತ್ತಿದ್ದಂತೆಯೇ ಇನ್ನೊಂದು ಸಾಲು ಮೂಡಿತು.

'ಅಮ್ಮ ಇನ್ನೂ ಹೊಲೀತಾ ಇದಾಳಾ?'

ಟೈಲರಕ್ಕ ಹೊರಗೆ ಇಣುಕಿದಳು. ಕಿಟಕಿಯ ಆಚೆ ಬೀದಿ ಎಂದಿನಂತೆಯೇ ಇತ್ತು. ಆದರೂ ಅವಳ ಕೈ ತಾನಾಗಿಯೇ ಹೋಗಿ ಕಿಟಕಿ ಮುಚ್ಚಿತು. ಗುಬ್ಬಿ ಸ್ಟೂಲಿನಿಂದ ಇಳಿದು ಬಂದು ಅಮ್ಮನ ಸೊಂಟ ಬಿಗಿಯಾಗಿ ಹಿಡಿದುಕೊಂಡಳು.

"ಅಮ್ಮಾ, ಅದು ನನ್ನ ಥರಾನೇ ಮಾತಾಡುತ್ತೆ."

ಬಾಗಿಲು ಬಡಿದ ಸದ್ದಾಯಿತು. ಮೂವರೂ ಬೆಚ್ಚಿಬಿದ್ದರು. ಬಂದವಳು ಪಕ್ಕದ ಮನೆಯ ಹುಡುಗಿ. ಒಂದು ಕಡೆ ನಿಲ್ಲದ ಅವಳನ್ನು ಬೀದಿಯವರೆಲ್ಲ ಬುಗುರಿ ಎಂದೇ ಕರೆಯುತ್ತಿದ್ದರು. ಶೂ ಹಾಕಿಕೊಂಡು ತಯಾರಾಗಿಯೇ ಬಂದಿದ್ದಳು.

"ಗುಬ್ಬಿ, ಹೋಗೋಣ ಬಾ. ಒಬ್ಬಳೇ ಹೋಗೋಕೆ ಭಯ ಆಯ್ತು, ಅದಕ್ಕೆ ಕರಿಯೋಕೆ ಬಂದೆ."

"ಎಲ್ಲಿಗಮ್ಮಾ?" ಕೇಳಿದಳು ಟೈಲರಕ್ಕ.

"ಖಾಲಿ ಗೋದಾಮಿನ ಹತ್ರ. ಗೇಮಲ್ಲಿ ಗುಬ್ಬಿನೇ ಮೆಸೇಜ್ ಮಾಡಿದ್ಲಲ್ಲ ಆಂಟಿ? ಮನೇಲಿ ಯಾರಿಗೂ ಹೇಳ್ಬೇಡ, ಬೇಗ ಬಾ ಅಂತ."

ಗುಬ್ಬಿ ಅಳುವುದಕ್ಕೇ ಶುರು ಮಾಡಿದಳು. ಟೈಲರಕ್ಕ ಬುಗುರಿಯನ್ನು ಒಳಗೆ ಎಳೆದುಕೊಂಡು ಚಿಲಕ ಹಾಕಿದಳು. ನಾದಿನಿಗೆ ಫೋನ್ ಹಚ್ಚಿದಳು. ನಾದಿನಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರು, ಪಕ್ಕದ ಬೀದಿಯಲ್ಲೇ ಮನೆ. ಓಡೋಡಿ ಬಂದಳು.

"ಅಣ್ಣಾ, ಹಳೇ ಗೇಮ್ ಕೊಡೋವಾಗ ಗುಬ್ಬಿ ಅಕೌಂಟಿಂದ ಸೈನ್ ಔಟ್ ಮಾಡಿದ್ಯಾ? ಒಳಗಿರೋದನ್ನೆಲ್ಲ ಅಳಿಸಿದ್ಯಾ?"

"ಅದೆಲ್ಲ ಅಂಗಡಿಯವರು ಮಾಡ್ಕೋತಾರೆ ಅಂದ್ಕೊಂಡೆ..."

"ಅವರು ಮಾಡಿಲ್ಲ. ಆ ಗೇಮ್ ಯಾರ ಕೈ ಸೇರಿದೆಯೋ ಅವರಿಗೆ ಗುಬ್ಬಿ ಮನೆ, ಗುಬ್ಬಿ ಗೆಳತೀರು, ನೀನೂ ಅವಳೂ ಬರ್ಕೊಂಡ ಮಾತು, ಎಲ್ಲ ಸಿಕ್ಕಿದೆ. ಓದಿದವರು ಗುಬ್ಬಿ ಥರಾನೇ ಬರೀತಾರೆ."

"ಹೊಲಿಗೆ ವಿಷಯ?" ಎಂದಳು ಟೈಲರಕ್ಕ.

"ಗುಬ್ಬಿ ತೆಗೆದ ವಿಡಿಯೊದಲ್ಲೆಲ್ಲ ನಿಮ್ಮ ಮಷಿನ್ ಸದ್ದು ಇರುತ್ತಲ್ಲ ಅತ್ತಿಗೆ."

ಡ್ರೈವರಣ್ಣ ಚಪ್ಪಲಿ ಮೆಟ್ಟಿ ಎದ್ದ. "ಗೋದಾಮಿಗೆ ಹೋಗ್ತೀನಿ. ಸಿಕ್ಕಿದ್ರೆ ಚರ್ಮ ಸುಲೀತೀನಿ."

"ಒಬ್ಬನೇ ಹೋಗ್ಬೇಡ. ಠಾಣೆಗೆ ಹೋಗು," ಎಂದಳು ತಂಗಿ. ಮೊದಲು ಬುಗುರಿಯ ಮನೆಯವರನ್ನೂ ಕರೆಸಿ, ಎರಡೂ ಮನೆಯ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟಳು. ಆಮೇಲೆ ಅಣ್ಣನ ಮೊಬೈಲಿನಿಂದಲೇ ಆ ಅಕೌಂಟನ್ನು ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ ಪಾಸ್‌ವರ್ಡ್ ಬದಲಿಸಿದಳು. ಅದು ಮುಗಿಯುವುದಕ್ಕೆ ತುಸು ಮೊದಲು ಕೊನೆಯದೊಂದು ಸಾಲು ಬಂತು.

'ಅಪ್ಪಾ, ಯಾಕೆ ಮಾತಾಡ್ತಿಲ್ಲ?'

ಡ್ರೈವರಣ್ಣ ಠಾಣೆಯಲ್ಲಿ ದೂರು ಕೊಟ್ಟು, ಪೊಲೀಸರು ಹೋದಾಗ ಗೋದಾಮಿನಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಪೇಪರು ಹಾಸಿತ್ತು. ಅದರ ಮೇಲೆ ಎರಡು ಚಾಕೊಲೇಟು, ಪಕ್ಕಪಕ್ಕಕ್ಕೆ, ನೀಟಾಗಿ ಇಟ್ಟಿದ್ದವು. ಅಂಗಡಿಯವನನ್ನು ಕೇಳಿದರೆ, "ಆ ಪೀಸು ಬಂದ ದಿನವೇ ಹೋಯ್ತು ಸಾರ್. ತಗೊಂಡವರ ಮುಖ ನೆನಪಿಲ್ಲ," ಎಂದ. ಪೊಲೀಸರು ಇನ್ನೂ ಹುಡುಕುತ್ತಿದ್ದಾರೆ.

ಮರುದಿನ ಸಂಜೆ ಅಂಗಡಿಯ ಮುಂದೆ ಉದ್ದನೆಯ ಕ್ಯೂ. ಡ್ರೈವರಣ್ಣನಿಗೂ ಫೋನು ಬಂತು, ನಿಮ್ಮ ಪೀಸು ರೆಡಿ ಇದೆ ಎಂದು. ಆಸೆ ಅಷ್ಟು ಸುಲಭವಾಗಿ ಬಿಡುತ್ತದೆಯೇ?

"ಹೊಸದರಲ್ಲಿ ಈ ತಾಪತ್ರಯ ಇರಲ್ಲ ಅಲ್ವಾ?" ಎಂದು ತಂಗಿಯನ್ನು ಕೇಳಿದ.

"ಅದರಲ್ಲಿ ಕ್ಯಾಮೆರಾ ಇದೆ, ಮೈಕ್ ಇದೆ. ಅದನ್ನ ಹೇಗೆ ಬಂದ್ ಮಾಡೋದು ಗೊತ್ತಾ? ಗುರುತಿಲ್ಲದವರು ಗುಬ್ಬಿಗೆ ಮೆಸೇಜ್ ಮಾಡದ ಹಾಗೆ ತಡೆಯೋದು?"

"ಇವತ್ತು ತಾನೇ ಬಂದಿರೋದು. ಯಾರಿಗೆ ಗೊತ್ತಿರುತ್ತೆ?"

"ಅದನ್ನೇ ನಾನೂ ಹೇಳ್ತಿರೋದು. ಬೇಡ ಅಂತಿಲ್ಲ ಅಣ್ಣಾ. ತಗೊಂಡವರು ನಾಲ್ಕು ದಿನ ಆಡ್ಲಿ. ಏನು ಚೆನ್ನಾಗಿದೆ, ಏನು ಚೆನ್ನಾಗಿಲ್ಲ ಹೇಳ್ತಾರೆ. ಅಂಗಡಿ ಎಲ್ಲೂ ಓಡಿಹೋಗಲ್ಲ."

ಅವನು ಗುಬ್ಬಿಯ ಕಡೆ ನೋಡಿದ. ಅವಳು ಟೇಬಲ್ಲಿನ ಮೇಲಿದ್ದ ಅಪ್ಪನ ಮೊಬೈಲಿನಿಂದ ದೂರ ಸರಿದು, ಗೋಡೆಗೆ ಒರಗಿ ಕೂತಿದ್ದಳು. ಅವನು ಮೊಬೈಲು ಎತ್ತಿಕೊಂಡ. ಅಲ್ಲೇ ಅಂಗಡಿಗೆ ಫೋನ್ ಮಾಡಿ ಬುಕಿಂಗ್ ರದ್ದು ಮಾಡಿದ.

"ಇನ್ಯಾವತ್ತೂ ತಗೊಳ್ಳಲ್ವಾ ಅಪ್ಪಾ?"

"ತಗೊಳ್ಳೋಣ ಪುಟ್ಟಾ. ಮೊದಲು ಅತ್ತೆ ಹತ್ರ ನಾನು ಪಾಠ ಹೇಳಿಸ್ಕೋತೀನಿ."

"ಅವರಿಗೆ ಹೋಂವರ್ಕೂ ಕೊಡಿ," ಎಂದಳು ಟೈಲರಕ್ಕ ನಾದಿನಿಗೆ. ನಿನ್ನೆಯಿಂದ ಯಾರೂ ನಗದಿದ್ದ ಆ ಮನೆಯಲ್ಲಿ ಈಗ ಎಲ್ಲರೂ ನಕ್ಕರು.

ಅಕ್ಕಂದಿರೇ, ಅಣ್ಣಂದಿರೇ, ಹೊಸ ಗೇಮ್ ಬಂತೆಂದು ಬಂದ ದಿನವೇ ಮುಗಿಬೀಳಬೇಡಿ. ಬೇಕೋ ಬೇಡವೋ ಎಂದು ಮನೆಯವರೆಲ್ಲ ಕೂತು ಮಾತಾಡಿ. ಅದಕ್ಕೆ ಬೀಗ ಹಾಕುವುದು ಹೇಗೆಂದು ಕಲಿತ ಮೇಲೆ ಮಗುವಿನ ಕೈಗೆ ಕೊಡಿ. ಹಳೆಯದನ್ನು ಮಾರುವ ಮುನ್ನ ನಿಮ್ಮ ಕೈಯಾರೆ ಸೈನ್ ಔಟ್ ಮಾಡಿ, ಒಳಗಿರುವುದನ್ನೆಲ್ಲ ಅಳಿಸಿ. "ಮನೇಲಿ ಹೇಳ್ಬೇಡ" ಎಂದು ಯಾರೇ ಬರೆದರೂ, ಗೆಳತಿಯ ಹೆಸರಲ್ಲೇ ಬರೆದರೂ, ಮೊದಲು ಮನೆಯಲ್ಲೇ ಹೇಳಬೇಕು ಎಂದು ಮಕ್ಕಳಿಗೆ ಕಲಿಸಿ.

ನೀವು ಈಗಾಗಲೇ ಹಳೆಯ ಗೇಮನ್ನೋ ಮೊಬೈಲನ್ನೋ ಯಾರಿಗಾದರೂ ಕೊಟ್ಟಿದ್ದೀರಾ? ಹಾಗಿದ್ದರೆ ಈ ಹಾಳೆ ಕೆಳಗಿಡಿ. ನಿಮ್ಮ ಮಗುವಿನ ಹೆಸರಲ್ಲಿ ಈ ಹೊತ್ತು ಎಲ್ಲೆಲ್ಲಿ ಯಾರು ಕೂತಿದ್ದಾರೆ, ಅಕೌಂಟು ತೆರೆದು ಈಗಲೇ ನೋಡಿ.