ಖಣದ ಗಂಟಿಗೊಂದು ಲಾರಿ

"ಬುತ್ತಿ ಮುಂದಿನ ಸೀಟಿನ ಮ್ಯಾಲ ಇಡು. ಹಿಂದ ಇಟ್ರ ಧೂಳ ಬೀಳತೈತಿ," ಎಂದ ದ್ಯಾಮಣ್ಣ.

ಹೋಳಿಗೆ, ಕರ್ಚಿಕಾಯಿಗಳ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದ ಶಿವಲಿಂಗವ್ವ ಗಂಡನ ಮುಖವನ್ನೊಮ್ಮೆ, ಲಾರಿಯ ತೆರೆದ ಹಿಂಭಾಗವನ್ನೊಮ್ಮೆ ನೋಡಿದಳು. ಅಲ್ಲಿ ಗಾದಿ ಹಾಸಿ ಎರಡು ಲೋಡು ಒರಗಿಸಿದ್ದ.

"ನಾವೆಲ್ಲಿ ಕುಂದರೂದು?"

"ಹಿಂದ. ನೀನು, ಅವ್ವ ಇಬ್ಬರೂ ರಾಣ್ಯಾರಂಗ ಕಾಲ ಚಾಚಿಕೊಂಡು ಕುಂದರ್ರಿ. ಯಾವ ಕಾರಿನ್ಯಾಗ ಇಷ್ಟು ಜಾಗ ಸಿಗತೈತಿ, ಹೇಳು?"

"ಅಂದ್ರ, ಧೂಳು ನಮ್ಮ ಮ್ಯಾಲ ಬಿದ್ರ ನಡೀತೈತಿ."

ದ್ಯಾಮಣ್ಣ ಕೇಳಿಸಿಕೊಳ್ಳಲಿಲ್ಲ. ಅಂಗಡಿಯಿಂದ ತಂದ ಹೊಸ ಖಣದ ತುಂಡೊಂದರಿಂದ ಲಾರಿಯ ಮೂತಿ ಒರೆಸುವುದರಲ್ಲಿ ಮುಳುಗಿದ್ದ. ಹೆಂಡತಿಗೆ ಖಣ ಬೇಕಾದಾಗ ಹತ್ತು ಸಲ ಎತ್ತಿ ಇಳಿಸಿ, ಕೊನೆಗೆ ಬಣ್ಣ ಮಾಸಿದ್ದನ್ನು ಕೊಡುವ ಮನುಷ್ಯ.

ಅವನದು ಹುಬ್ಬಳ್ಳಿ ಪೇಟೆಯಲ್ಲಿ ಖಣದ ಅಂಗಡಿ. ಗುಳೇದಗುಡ್ಡದಿಂದ ಕುಪ್ಪಸದ ಬಟ್ಟೆಯ ಗಂಟು ರೈಲಿನಲ್ಲಿ ಬಂದಿಳಿದರೆ ಒಬ್ಬ ಹಮಾಲ ಅದನ್ನು ತಲೆಯ ಮೇಲಿಟ್ಟುಕೊಂಡು, ಕೈಬಿಟ್ಟು, ಎಲೆ ಅಡಿಕೆ ಜಗಿಯುತ್ತ ತಂದು ಹಾಕುತ್ತಿದ್ದ. ಆ ಅಂಗಡಿಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅಂಗಡಿಕಾರನೇ ಎಂದು ಶಿವಲಿಂಗವ್ವ ಎದುರುಮನೆಯ ಬಿಬಿಜಾನಳ ಹತ್ತಿರ ಹೇಳಿ ನಗುತ್ತಿದ್ದಳು. ಎರಡನೇ ಮಹಾಯುದ್ಧ ಮುಗಿದು, ಬೆಳಗಾವಿಯಲ್ಲಿ ಮಿಲಿಟರಿಯ ಹಳೆ ಗಾಡಿಗಳನ್ನು ಹರಾಜು ಹಾಕುತ್ತಾರೆಂಬ ಸುದ್ದಿ ಬಂದದ್ದೇ ದ್ಯಾಮಣ್ಣನಿಗೆ ನಿದ್ದೆ ಹಾರಿತು. ಜೊತೆಗೆ ಗೋಪನಕೊಪ್ಪದ ಮೋಟಾರು ಮಿಸ್ತ್ರಿ ಬಾಬುಸಾಬನನ್ನು ಕರೆದುಕೊಂಡು ಹೋದ. ಬಾಬುಸಾಬ ಒಂದು ಪುಟ್ಟ ಕಾರು ತೋರಿಸಿದನಂತೆ.

"ಸಾವಕಾರ, ನೀವು ಮನಿಂದ ಅಂಗಡಿಗೆ, ಅಂಗಡಿಂದ ಮನಿಗೆ ಹೋಗವರು. ಇದನ್ನ ತಗೊಳ್ರಿ. ಆ ಲಾರಿ ಮಾಲು ಹೇರೂ ಗಾಡಿ."

"ನಾಳೆ ಏನರ ಹೇರೂದು ಬಂದ್ರ?"

"ಏನ ಹೇರತೀರಿ?"

ದ್ಯಾಮಣ್ಣ ಲಾರಿಯ ಮೂತಿಯ ಮೇಲೆ ಕೈಯಾಡಿಸಿದ. "ಗಂಡಸಂದ ಮ್ಯಾಲ ಬೇಕಾದಾಗ ಕೈಯಾಗ ಒಂದು ಇರಬೇಕಲ್ಲೊ," ಎಂದು ಹೇಳಿ ಬಾಗಿಲಿಲ್ಲದ, ಮುಂದೆ ಎರಡೇ ಸೀಟಿನ, ಹಿಂದೆ ಬಯಲಿನಷ್ಟು ಜಾಗದ ಈ ಲಾರಿಯನ್ನು ತಂದು ಕೇಶ್ವಾಪುರದ ಓಣಿಯಲ್ಲಿ ನಿಲ್ಲಿಸಿದ. ಒಳಗೆ ತಿರುಗಿಸುವಾಗ ಬಿಬಿಜಾನಳ ಕಟ್ಟೆಯ ಮೂಲೆ ಹಾರಿಹೋಯಿತು. ಬಿಬಿಜಾನ ಬೈಯಲಿಲ್ಲ. "ಅಕ್ಕಾ, ನಿಮ್ಮನಿಯವರ ಗಾಡಿ ಸಪ್ಪಳ ಕೇಳಿದ್ರ ನಾ ಮೊದಲ ಕೋಳಿ ಒಳಗ ಮುಚ್ಚತೇನಿ" ಎಂದಳು, ಅಷ್ಟೇ.

"ಕೋಳಿ ಬಿಡು, ಮಕ್ಕಳನ್ನ ಮುಚ್ಚು. ಖಣದ ಗಂಟು ಹೊರಾಕ ನಮ್ಮವರು ಆನಿ ತಂದಾರವಾ," ಎಂದಿದ್ದಳು ಶಿವಲಿಂಗವ್ವ. ಇಬ್ಬರೂ ಆ ಮುರಿದ ಕಟ್ಟೆಯ ಮೇಲೆಯೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆಮೇಲೆ ಆ ಆನೆಯ ಮೇಲೆ ಏರಿದ ಮಾಲೆಂದರೆ ದಿನಕ್ಕೊಂದು ಸಿವುಡು ಮೆಂತೆಪಲ್ಲೆ. ಸೋಮವಾರ ಮಠಕ್ಕೆ ಹೋಗುವಾಗ ಒಂದು ಜೋಡಿ ತೆಂಗಿನಕಾಯಿ. ಅವು ಹಿಂದಿನ ತಗಡಿನ ಮೇಲೆ ಆ ಕಡೆಯಿಂದ ಈ ಕಡೆಗೆ ಗಡಗಡ ಉರುಳುತ್ತಿದ್ದವು. ರೇಶನ್ ಪೆಟ್ರೋಲಿನ ಕೂಪನ್ನಿಗಾಗಿ ದ್ಯಾಮಣ್ಣ ಕಂಡಕಂಡವರ ಮುಂದೆ ಹಲ್ಲು ಕಿರಿಯತೊಡಗಿದ್ದ. ಕೇಳಿದವರಿಗೆಲ್ಲ "ನಾಳೆ ಉಪಯೋಗಕ್ಕ ಬರತೈತಿ ನೋಡ್ರಿ" ಎನ್ನುತ್ತಿದ್ದ.

ಆ ನಾಳೆ ಇವತ್ತು ಬಂದಿತ್ತು. ಮಗಳು ನೀಲವ್ವ ಬಸುರಿ. ಧಾರವಾಡದಾಚೆಯ ಮುಗದದ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿಸಿ, ಚೊಚ್ಚಲ ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರಬೇಕು.

ಹಲಗೆ ಇಟ್ಟು ಅತ್ತೆ ಬಾಳವ್ವನನ್ನು ಹತ್ತಿಸುವಷ್ಟರಲ್ಲಿ ಓಣಿಯೆಲ್ಲ ನೆರೆಯಿತು. ಶಿವಲಿಂಗವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಏರಿದಳು. ಮುಂದಿನ ಸೀಟಿನಲ್ಲಿ ಬುತ್ತಿಯ ಬುಟ್ಟಿ ಗಂಡನ ಪಕ್ಕ ಸೊಗಸಾಗಿ ಕುಳಿತಿತ್ತು.

ಉಣಕಲ್ಲಿನ ಕೆರೆ ದಾಟುವವರೆಗೆ ಹೇಗೋ ನಡೆಯಿತು. ನವಲೂರಿನ ಹತ್ತಿರ ಒಂದು ಗಾಲಿ ತಗ್ಗಿಗೆ ಬಿದ್ದು ಎದ್ದಿತು. ಬಾಳವ್ವ ಲೋಡಿನಿಂದ ಜಾರಿ, ಉರುಳಿ, ಹಿಂದಿನ ತಗಡಿಗೆ ಮೊಣಕಾಲು ಬಡಿಸಿಕೊಂಡಳು. ಶಿವಲಿಂಗವ್ವ ಅವಳನ್ನು ತಬ್ಬಿ ಹಿಡಿದು ಕೂಗಿದಳು. ಮುಂದೆ ದ್ಯಾಮಣ್ಣ ಭೋಂಪು ಒತ್ತುತ್ತ ಎಮ್ಮೆಗಳನ್ನು ಸರಿಸುತ್ತಿದ್ದ. ಅವನಿಗೆ ಕೇಳಿಸಲಿಲ್ಲ.

"ಏನಂತ ಇದನ್ನ ತಂದಾನವಾ ಇಂವ?" ಮುದುಕಿ ಮೊಣಕಾಲು ತಿಕ್ಕಿಕೊಳ್ಳುತ್ತ ಅತ್ತಳು. "ನಾವೇನ ಕಾಳಿನ ಚೀಲ?"

ಧಾರವಾಡದ ಸ್ಟೇಶನ್ ಹತ್ತಿರ ಬಂದಾಗ ಶಿವಲಿಂಗವ್ವ ಮುಂದಿನ ತಗಡನ್ನು ಎರಡೂ ಅಂಗೈಯಿಂದ ಬಡಿದಳು. ಗಾಡಿ ನಿಂತಿತು.

"ನಾವು ಇಳೀತೀವಿ. ರೈಲಿಗೆ ಹೋಗತೀವಿ."

"ಹುಚ್ಚ ಹಿಡದೈತೇನು? ಮನೀ ಗಾಡಿ ಇಟ್ಟಕೊಂಡು ರೈಲಿಗೆ ಹೋದ್ರ ಮಂದಿ ಏನಂದಾರು?"

"ಹೋಳಿಗಿ ಮುಂದ ಕುಂದರಿಸಿ, ನಿಮ್ಮನ್ನ ಹಡೆದಾಕೀನ ಹಿಂದ ಉರುಳಸಿಕೊಂಡು ಹೋದ್ರ ಏನಂದಾರ? ಆ ಹಲಗಿ ಹಚ್ಚರಿ."

ದ್ಯಾಮಣ್ಣ ಹಲಗೆ ಹಚ್ಚಿದ. ತಾಯಿಯ ಮೊಣಕಾಲು ನೋಡಿದ. ಹೋಗಿ ಗಾಡಿ ಹತ್ತಿದ.

ರೈಲಿನಲ್ಲಿ ಬಾಳವ್ವ ಕಿಟಕಿಯ ಪಕ್ಕ ಕುಳಿತು ನಿದ್ದೆ ಹೋದಳು. ಅತ್ತೆ ಸೊಸೆ ಮುಗದದಲ್ಲಿ ಇಳಿದು, ಬೀಗರ ಮನೆ ಸೇರಿ, ಕೈಕಾಲು ತೊಳೆದು ಚಹಾ ಕುಡಿದ ಎಷ್ಟೋ ಹೊತ್ತಿನ ಮೇಲೆ ಲಾರಿಯ ಗುರುಗುರು ಕೇಳಿತು. ಮಕ್ಕಳು ಓಡಿದರು. ದ್ಯಾಮಣ್ಣನ ಮೀಸೆ, ಹುಬ್ಬು, ಹಣೆಯ ವಿಭೂತಿ ಎಲ್ಲ ಒಂದೇ ಕೆಂಪು ಬಣ್ಣಕ್ಕೆ ಬಂದಿದ್ದವು. ಬುಟ್ಟಿಯ ಮೇಲಿನ ಬಟ್ಟೆಯೂ ಕೆಂಪಗಾಗಿತ್ತು. ಬಾಗಿಲಿಲ್ಲದ ಗಾಡಿಯಲ್ಲಿ ಮುಂದೇನು, ಹಿಂದೇನು?

ಕುಬಸ ಚೆನ್ನಾಗಿಯೇ ಆಯಿತು. ಹಸಿರು ಸೀರೆಯುಟ್ಟು ಹಸಿರು ಬಳೆ ತೊಟ್ಟ ನೀಲವ್ವ ನಾಚಿಕೊಂಡು ಆರತಿಗೆ ಕುಳಿತಳು. ಊಟವಾಗಿ, ಬಿಸಿಲು ಇಳಿದು, ಹೊರಡುವ ಹೊತ್ತಾಯಿತು. ದ್ಯಾಮಣ್ಣ ಹಿಂದಿನ ತಗಡು ಇಳಿಸಿ ಗಾದಿ ಕೊಡವಿ ಹಾಸತೊಡಗಿದ. ಬೀಗಿತಿ ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳದು ಭತ್ತದ ಗದ್ದೆಗಳ ದೊಡ್ಡ ಮನೆತನ, ದನಿಯೂ ಅಂಥದೇ.

"ಬೀಗ್ರ, ಬರೂವಾಗ ಇದರಾಗ ಏನ ಹೇರಿಕೊಂಡು ಬಂದ್ರಿ?"

"ಬುತ್ತಿ ತಂದೆನ್ರಿ."

ಅಂಗಳದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ಒಂದು ಬುಟ್ಟಿ ಹೋಳಿಗಿಗೆ ಇಷ್ಟು ದೊಡ್ಡ ಗಾಡಿ! ಇನ್ನ ಖಣದ ಗಂಟು ಹೊರಾಕ ಆನಿ ಕಟ್ಟೀರೇನೋ. ನಮ್ಮ ಸೊಸೀನ್ನ ಏನು ಹತ್ತಿ ಅಂಡಿಗಿ ಹಂಗ ಹಿಂದ ಒಗಕೊಂಡು ಹೋಗವರಾ? ನಾ ಕಳಸೂದಿಲ್ಲ ನೋಡ್ರಿ."

ಮತ್ತೆ ನಗೆ. ಜೀತದಾಳುಗಳು ಕೂಡ ನಕ್ಕರು. ದ್ಯಾಮಣ್ಣ ತಾನೂ ನಕ್ಕ, ಎಲ್ಲರೂ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು, ಧೂಳಿಲ್ಲದ ಜಾಗವನ್ನೇ ಒರೆಸತೊಡಗಿದ.

ಶಿವಲಿಂಗವ್ವನ ಕಿವಿ ಬಿಸಿಯಾಯಿತು. ಆನೆಯ ಮಾತು ಅವಳದೇ. ಬೀಗಿತಿಗೆ ಯಾರೂ ಹೇಳಿರಲಿಲ್ಲ. ಆ ಲಾರಿಯನ್ನು ನೋಡಿದ ಯಾರ ಬಾಯಿಗಾದರೂ ಅದು ತಾನಾಗಿ ಬರುತ್ತಿತ್ತು. ಕೇಶ್ವಾಪುರದ ಕಟ್ಟೆಯ ಮೇಲೆ ಅದು ಎಷ್ಟು ರುಚಿಯಾಗಿತ್ತು! ಇಲ್ಲಿ ಬೇವಿನಷ್ಟು ಕಹಿಯಾಯಿತು. ತನ್ನ ಗಂಡನ ಬಗ್ಗೆ ಈ ಬೀಗಿತಿಗೆ ಏನು ಗೊತ್ತು?

"ನೀಲವ್ವ ರೈಲಿಗೆ ಬರತಾಳ್ರಿ," ಎಂದಳು ಜೋರಾಗಿ. "ಅಳಿಯಂದ್ರು, ನಮ್ಮತ್ತಿ ಕೂಡ ಇರತಾರ. ಬಸರ ಹೆಂಗಸಿನ್ನ ಗಾಡ್ಯಾಗ ಕರಕೊಂಡು ಹೋಗಾಕ ನಮಗೇನ ತಿಳುವಳಿಕಿ ಇಲ್ಲೇನ್ರಿ? ಈ ಗಾಡಿ ನನಗಂತ ತಂದಾರ."

"ನಿಮಗ?"

"ಹೌದ್ರಿ. ನಾ ಮುಂದ ಕುಂದರತೇನಿ."

ಮೆಟ್ಟಿಲು ಎತ್ತರವಿತ್ತು. ಮೊದಲ ಸಲ ಕಾಲು ಜಾರಿತು. ಎರಡನೆಯ ಸಲ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಇಡೀ ಮುಗದ ನೋಡುತ್ತಿದ್ದಂತೆ ಏರಿ ಕುಳಿತಳು. ದ್ಯಾಮಣ್ಣ ಹೆಂಡತಿಯನ್ನು ಪಿಳಿಪಿಳಿ ನೋಡಿದ. "ಏನ ನೋಡತೀರಿ? ಹೊಡೀರಿ," ಎಂದಳು ಹಲ್ಲು ಕಚ್ಚಿ.

ಊರು ಹಿಂದಾದ ಮೇಲೆ ಅವನ ಮುಖ ಅರಳಿತು.

"ಛಲೋ ಓಡತೈತಿ, ಹೌದಲ್ಲ?"

"ದಾರಿ ನೋಡ್ರಿ."

"ಮುಂದ ಕುಂತ್ರ ಅಷ್ಟು ಕುಲುಕೂದಿಲ್ಲ."

"ಹೌದು. ಅದಕ್ಕ ನೀವು ಮುಂದ ಕುಂದರತೀರಿ."

ಅವನು ಒಂದು ತಗ್ಗು ತಪ್ಪಿಸಿದ. ಆಮೇಲೆ ರಸ್ತೆಯ ಮೇಲೆ ಕಣ್ಣಿಟ್ಟೇ ಹೇಳಿದ: "ಮುಂಜಾನೆ ನೀವಿಳಿದ ಮ್ಯಾಲ ಒಬ್ಬ ಮುದುಕ ಕೈ ಮಾಡಿದ. ತಲಿ ಮ್ಯಾಲ ಹುಲ್ಲಿನ ಹೊರಿ ಇತ್ತು. ಹಿಂದ ಹಾಕಲೇನ್ರಿ, ಊರ ಮುಂದ ಇಳೀತೇನಿ ಅಂದ."

"ಹತ್ತಿಸಿಕೊಂಡ್ರಿ?"

"ಇಲ್ಲ. ಗಾಡಿ ಹೊಲಸ ಆಗತೈತಿ ಅಂದೆ."

ಶಿವಲಿಂಗವ್ವ ಅವನ ಕಡೆ ತಿರುಗಿದಳು. ಇಂಥವನನ್ನು ಕಾಯಲು ತಾನು ಹತ್ತು ಮಂದಿಯ ಎದುರು ಸುಳ್ಳು ಹೇಳಿ, ಸೀರೆ ಎತ್ತಿಕಟ್ಟಿ ಏರಿ ಕುಳಿತೆನಲ್ಲ! "ಹೊಲಸ ಆಗತೈತಿ!" ಎಂದಳು. "ಹೇರೂ ಗಾಡಿ, ಹುಲ್ಲು ಹೇರಿದ್ರ ಹೊಲಸ ಆಗತೈತಿ!" ನಗೆ ಬಂತು, ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ದ್ಯಾಮಣ್ಣ ನಗಲಿಲ್ಲ. "ಆಮ್ಯಾಲ ತಿರುಗಿ ನೋಡಿದೆ," ಎಂದ, ಸಣ್ಣ ದನಿಯಲ್ಲಿ. "ಅಂವ ಅಲ್ಲೇ ನಿಂತಿದ್ದ."

ಧಾರವಾಡಕ್ಕೆ ಇನ್ನೂ ದೂರವಿರುವಾಗಲೇ ರೈಲು ಗೇಟು ಮುಚ್ಚಿತ್ತು. ದ್ಯಾಮಣ್ಣ ಗಾಡಿ ನಿಲ್ಲಿಸಿ ಯಂತ್ರ ಆರಿಸಿದ. ಹಿಂದೆ ಒಂದು ಎತ್ತಿನ ಬಂಡಿ ಬಂದು ನಿಂತಿತು. ಸಂಜೆಯ ಗಾಳಿಗೆ ಹೊಲದ ವಾಸನೆ ಬರುತ್ತಿತ್ತು.

ರೈಲು ಬಂತು. ಮುಗದದ ಕಡೆಯಿಂದ ಬಂದ ಪ್ಯಾಸೆಂಜರು. ಯಾವ ಡಬ್ಬಿಯಲ್ಲಿ ನೀಲವ್ವ ಇದ್ದಾಳೋ ಇಬ್ಬರಿಗೂ ತಿಳಿಯಲಿಲ್ಲ. ಕಿಟಕಿಗಳಲ್ಲಿ ತಲೆಗಳು, ಮೊಣಕೈಗಳು, ಒಂದು ಹಸಿರು ಸೆರಗು ಅವಳದೋ ಇನ್ಯಾರದೋ. ದ್ಯಾಮಣ್ಣ ಸೀಟಿನಿಂದ ಅರ್ಧ ಎದ್ದು ನಿಂತು ಒಂದೊಂದು ಡಬ್ಬಿಗೂ ಕೈ ಬೀಸಿದ. ಕೊನೆಯ ಡಬ್ಬಿ ದಾಟಿದ ಮೇಲೂ ಕೈ ಕೆಳಗಿಳಿಸಲಿಲ್ಲ.

ಗೇಟು ತೆರೆಯಿತು. ದ್ಯಾಮಣ್ಣ ಇನ್ನೂ ರೈಲು ಹೋದ ದಿಕ್ಕಿಗೇ ನೋಡುತ್ತಿದ್ದ, ಶಿವಲಿಂಗವ್ವ ಅವನನ್ನು. ಹಿಂದಿನ ಬಂಡಿಯವನು ಒಂದು ಗಳಿಗೆ ಕಾದು, ಎತ್ತುಗಳನ್ನು ಬದಿಗೆ ತಿರುಗಿಸಿ, ಅವರನ್ನು ದಾಟಿಕೊಂಡು ಹಳಿಯ ಆಚೆ ಹೋದ.